ನಮ್ಮ ಮನೆ ಕೆಳಗಿನ ಐನೂರು ವರ್ಷದ ಕೆಸರು

ನಾನು ಮಣ್ಣು ಪರೀಕ್ಷೆ ಮಾಡುವ ಇಂಜಿನಿಯರ್. ಕಟ್ಟಡ ಏಳುವ ಮುಂಚೆ ಬೋರ್ ಹಾಕಿಸಿ, ಕೆಳಗೆ ಏನಿದೆ ಅಂತ ನೋಡುವುದು ನನ್ನ ಕೆಲಸ. ಆದರೂ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರ್ಟಿಂಗ್‌ನಲ್ಲಿ ಮನೆ ಹಿಡಿದಾಗ, ಬೆಟ್ಟಗಳ ನಡುವೆ ಇಷ್ಟು ಸಪಾಟು ಜಾಗ ಎಲ್ಲಿಂದ ಬಂತು ಅಂತ ಯೋಚಿಸಲೇ ಇಲ್ಲ. ಕಿಟಕಿಯಿಂದ ಮೌಂಟ್ ರೇನಿಯರ್ ಕಾಣುತ್ತದಲ್ಲ, ಅದೇ ಖುಷಿ. 4,392 ಮೀಟರ್ ಎತ್ತರದ, ಹಿಮ ಹೊತ್ತ ಜ್ವಾಲಾಮುಖಿ.

ಉತ್ತರ ಸಿಕ್ಕಿದ್ದು ಊರಂಚಿನ ಒಂದು ಬೋರ್‌ನಲ್ಲಿ. ಮೇಲಿನ ಹೊಳೆ ಮರಳು ದಾಟಿದ ಮೇಲೆ ಬೂದು ಬಣ್ಣದ ಜಿಗುಟು ಮಣ್ಣು ಬಂತು. ಹೊಳೆ ತಂದ ಮಣ್ಣಾದರೆ ಜಲ್ಲಿ, ಮರಳು ಅಂತ ಪದರ ಪದರವಾಗಿ ಇರುತ್ತದೆ. ಇದರಲ್ಲಿ ಪದರವೇ ಇಲ್ಲ. ಜೇಡಿಮಣ್ಣು, ಅದರೊಳಗೆ ಚೂಪು ಅಂಚಿನ ಕಲ್ಲು, ನಡುವೆ ಒಂದು ಮರದ ಚೂರು. ಉಗುರಿನಿಂದ ಕೆರೆದೆ. ಒಳಗೆ ಇನ್ನೂ ಕೆಂಪಗೆ, ನಾರುನಾರಾಗಿತ್ತು. ಅದು ಸುಮಾರು 500 ವರ್ಷದ ಹಿಂದಿನ ಕಾಡು.

ಆಗ ಬೆಟ್ಟದ ಪಶ್ಚಿಮದ ಮಗ್ಗುಲು ಕುಸಿದಿತ್ತು. ಒಳಗಿನ ಬಿಸಿ, ಆಮ್ಲದ ನೀರು ಅಲ್ಲಿಯ ಬಂಡೆಯನ್ನು ನಿಧಾನವಾಗಿ ಕೊಳೆಸಿ ಜೇಡಿಯಾಗಿಸಿತ್ತು. ಕುಸಿದದ್ದು ನೀರಿನ ಜೊತೆ ಕಲೆತು, ಹಸಿ ಕಾಂಕ್ರೀಟ್ ಹಾಗೆ ಕಣಿವೆ ಹಿಡಿದು ಹರಿಯಿತು. ಇದಕ್ಕೆ ಲಾಹಾರ್ ಅನ್ನುತ್ತಾರೆ. ಆರ್ಟಿಂಗ್‌ನಲ್ಲಿ ಕೆಲವು ಕಡೆ ಇದು 6 ಮೀಟರ್‌ವರೆಗೂ ದಪ್ಪ ಇದೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಂಗತಿ: ಆ ಕುಸಿತಕ್ಕೆ ಬೆಟ್ಟ ಸ್ಫೋಟಿಸಿದ ಗುರುತು ಸಿಕ್ಕಿಲ್ಲ. ಹೊಗೆ ಕಾಣಲಿ, ಆಮೇಲೆ ಹೊರಟರಾಯ್ತು ಅನ್ನುವ ಹಾಗಿಲ್ಲ.

ಬೆಟ್ಟದ ಮೇಲಿನ ಕಣಿವೆಗಳಲ್ಲಿ ನೆಲದ ನಡುಕ ಹಿಡಿಯುವ ಉಪಕರಣಗಳನ್ನು 1998ರಲ್ಲೇ ಹಾಕಿದ್ದಾರೆ. ದೊಡ್ಡ ಲಾಹಾರ್ ಹೊರಟರೆ ನಮ್ಮೂರು ಮುಟ್ಟಲು ಹೆಚ್ಚು ಕಡಿಮೆ ಒಂದು ಗಂಟೆ. ಅದನ್ನು ಉಪಕರಣ ಗುರುತಿಸಿ ಸೈರನ್ ಕೂಗುವಷ್ಟರಲ್ಲಿ ಒಂದಷ್ಟು ನಿಮಿಷ ಹೋಗಿರುತ್ತದೆ. ಉಳಿದದ್ದು ನಮ್ಮ ಕಾಲಿನ ಮೇಲೆ.

ಹಾಗಾಗಿ ಒಂದು ಶನಿವಾರ ವಾಚ್ ಹಿಡಿದು ಹೊರಟೆ. ಮೊದಲು ಕಾರಲ್ಲಿ. ಸುಮ್ನೆ ಒಂದು ಸಂಜೆಯ ಟ್ರಾಫಿಕ್‌ಗೇ ಸಿಕ್ಕಿಕೊಂಡೆ. ಊರಿಗೆ ಊರೇ ಕಾರು ತೆಗೆದರೆ? ಕಾರು ಬೇಡ ಅಂತ ಅಲ್ಲೇ ತೀರ್ಮಾನಿಸಿದೆ. ಮರುದಿನ ಒಬ್ಬನೇ ನಡೆದು ಗುಡ್ಡದ ಮೇಲೆ ಹೋದೆ: 24 ನಿಮಿಷ. ಭಾರಿ ಸಮಾಧಾನವಾಯ್ತು.

ಅದು ಸುಳ್ಳು ಲೆಕ್ಕ. ಊರಿಂದ ಅಮ್ಮ ಬಂದಿದ್ದರು. ಭದ್ರಾವತಿಯವರು, ಅವರಿಗೆ ಸೈರನ್ ಅಂದರೆ ಕಾರ್ಖಾನೆಯ ಶಿಫ್ಟ್. ಇಲ್ಲಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಪರೀಕ್ಷೆ. "ಯಾವ ಫ್ಯಾಕ್ಟರೀನೋ ಇಲ್ಲಿ?" ಅಂದರು. ವಿಷಯ ಹೇಳಿದೆ. "ಮತ್ತೆ ಇಲ್ಯಾಕೆ ಮನೆ ಮಾಡ್ದೆ?" ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಬಾಡಿಗೆ ಕಡಿಮೆ ಇತ್ತು, ಅಷ್ಟೇ.

ಅಮ್ಮ, ಆರು ವರ್ಷದ ಮಗಳು, ಬ್ಯಾಗು ಎಲ್ಲ ಸೇರಿಸಿ ಮತ್ತೆ ನಡೆದೆವು. 47 ನಿಮಿಷ! ಅದರಲ್ಲಿ ಒಂಬತ್ತು ನಿಮಿಷ ಮನೆಯೊಳಗೇ ಹೋಗಿತ್ತು: ಬಿಪಿ ಮಾತ್ರೆ ಹುಡುಕಿದ್ದು, ಗ್ಯಾಸ್ ಆಫ್ ಮಾಡಿದೆವಾ ಅಂತ ಮತ್ತೆ ನೋಡಿ ಬಂದದ್ದು. ಚಪ್ಪಲಿಯಲ್ಲಿ ಏರು ಹತ್ತಲು ಅಮ್ಮನಿಗೆ ಆಗಲಿಲ್ಲ.

ಈಗ ಬ್ಯಾಗು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತದೆ. ಪಾಸ್‌ಪೋರ್ಟ್, ಮಾತ್ರೆ, ಟಾರ್ಚ್, ನೀರು, ಇಷ್ಟೇ. ಅಮ್ಮನಿಗೆ ಶೂ ಕೊಡಿಸಿದೆ, ಸೀರೆಗೆ ಚೆನ್ನಾಗಿ ಕಾಣಲ್ಲ ಅಂತ ಇನ್ನೂ ಗೊಣಗುತ್ತಾರೆ. ಕಳೆದ ಸಲ 36 ನಿಮಿಷ ಬಂತು. ರಾತ್ರಿ ಹೊತ್ತು, ಮಳೆಯಲ್ಲಿ, ಇನ್ನೂ ನಡೆದು ನೋಡಿಲ್ಲ.