ಪ್ಯಾಚಿನ ನೀಲಿ ನನ್ನನ್ನು ಯಾಮಾರಿಸಿದ್ದು

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಎರಡು ಕೋವಿಗಳಿವೆ. ಒಂದು ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡಿ ನಳಿಗೆ. ಇನ್ನೊಂದು ಅಪ್ಪ ಲೈಸೆನ್ಸ್ ಮಾಡಿಸಿ ತಂದ .315 ರೈಫಲ್. ಈಗ ಎರಡೂ ನನ್ನ ಹೆಸರಿನಲ್ಲಿವೆ. ಬೇಟೆಯ ಮಾತು ವನ್ಯಜೀವಿ ಕಾಯ್ದೆಯೊಂದಿಗೇ ಮುಗಿಯಿತು. ನಾನು ವರ್ಷಕ್ಕೆ ನಾಲ್ಕೈದು ಸಲ ರೈಫಲ್ ಕ್ಲಬ್ಬಿನ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಮಾಡಿ ಬರುತ್ತೇನೆ, ಅಷ್ಟೇ.

ಜೋಡಿ ನಳಿಗೆ ಒರೆಸುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಯುಧಪೂಜೆಯ ಹಿಂದಿನ ದಿನ ಹಳೇ ಪಂಚೆಯ ಚೂರು, ಸ್ವಲ್ಪ ಕೊಬ್ಬರಿ ಎಣ್ಣೆ, ಒಂದು ಕೋಲು. ಅದರೊಳಗೆ ಹೋಗುವುದು ಸೀಸದ ಚರೆ, ನಳಿಗೆಯೂ ನುಣುಪು. ಅದಕ್ಕೆ ಅಷ್ಟು ಸಾಕಾಗುತ್ತಿತ್ತು. ರೈಫಲ್ಲಿಗೂ ವರ್ಷಗಟ್ಟಲೆ ಅದೇ ಸೇವೆ ಮಾಡಿದೆವು. ತಪ್ಪು ಅಲ್ಲೇ ಆಗಿದ್ದು.

ರೈಫಲ್ ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರದ ಅಂಗಿ. ಸಾಮಾನ್ಯವಾಗಿ ಆ ಅಂಗಿಯಲ್ಲಿ 95 ಪಾಲು ತಾಮ್ರ, 5 ಪಾಲು ಸತು. ಗುಂಡು ನಳಿಗೆಯೊಳಗಿನ ಸುರುಳಿ ಚಡಿಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೋಗುವಾಗ ಆ ತಾಮ್ರ ತೆಳ್ಳಗೆ ಸವೆದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಒಳಮೈ ಒರಟಾಗಿದ್ದಷ್ಟೂ ಜಾಸ್ತಿ ಮೆತ್ತುತ್ತದೆ. ಅದರ ಮೇಲೆ ಮದ್ದಿನ ಮಸಿ ಕೂರುತ್ತದೆ, ಮುಂದಿನ ಗುಂಡಿಗೆ ಮತ್ತೆ ತಾಮ್ರ. ಹೀಗೆ ಪದರ ಪದರವಾಗಿ ಬೆಳೆಯುತ್ತದೆ. ಇದು ಕೊಬ್ಬರಿ ಎಣ್ಣೆಗೆ ಜಗ್ಗುವ ಪೈಕಿ ಅಲ್ಲ.

ಐವತ್ತು ಮೀಟರಿನಲ್ಲಿ ನನ್ನ ಐದು ಗುಂಡು ಮೊರದಗಲ ಚದುರುತ್ತಿದ್ದವು. ಕಣ್ಣಿಗೆ ವಯಸ್ಸಾಯಿತು ಅಂದುಕೊಂಡೆ. ರೇಂಜಿನಲ್ಲಿದ್ದ ಒಬ್ಬ ಹಿರಿಯರು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಸಿ, ನಳಿಗೆಯ ತುದಿಗೆ ಓರೆಯಾಗಿ ಟಾರ್ಚ್ ಹಿಡಿದು ‘ನೋಡಿ’ ಅಂದರು. ಚಡಿಗಳ ಉದ್ದಕ್ಕೂ ಕೆಂಪು ಗೆರೆಗಳು. ನಮ್ಮ ಬಚ್ಚಲುಮನೆಯ ಹಂಡೆಯದೇ ಬಣ್ಣ.

ಹಂಡೆ ಅಂದಮೇಲೆ ಹುಣಸೆಹಣ್ಣು ನೆನಪಾಗದೆ ಇರುತ್ತದಾ? ಅಮ್ಮ ಅದನ್ನೇ ಹೇಳಿದರು. ಆದರೆ ಹುಳಿಗೆ ಕಿಲುಬು ಬಿಡುವುದು ಹಂಡೆಯಲ್ಲಿ. ನಳಿಗೆಯಲ್ಲಿ ತಾಮ್ರದ ಕೆಳಗಿರುವುದು ಉಕ್ಕು. ಹುಳಿ ಅದನ್ನೂ ತಿನ್ನುತ್ತದೆ, ಮಳೆಗಾಲದಲ್ಲಂತೂ ಬೆಳಗಾಗುವಷ್ಟರಲ್ಲಿ ತುಕ್ಕು. ಇಲ್ಲಿ ಬೇಕಾಗಿದ್ದು ಉಕ್ಕನ್ನು ಬಿಟ್ಟು ತಾಮ್ರವನ್ನು ಮಾತ್ರ ಹಿಡಿಯುವ ವಸ್ತು. ಅಮೋನಿಯಾ ಆ ಕೆಲಸ ಮಾಡುತ್ತದೆ. ಗಾಳಿಯ ಜೊತೆ ಸೇರಿ ತಾಮ್ರವನ್ನು ಕರಗಿಸಿ ಕಡುನೀಲಿ ನೀರು ಮಾಡುತ್ತದೆ. ತಾಮ್ರ ತೆಗೆಯುವ ಸಾಲ್ವೆಂಟುಗಳಲ್ಲಿ ಹಲವಕ್ಕೆ ಇದೇ ಆಧಾರ. ಬಟ್ಟೆಯ ಪ್ಯಾಚ್ ನೀಲಿಯಾಗಿ ಬಂದರೆ ತಾಮ್ರ ಬರುತ್ತಿದೆ ಅಂತ ಲೆಕ್ಕ.

ಈ ಲೆಕ್ಕವೇ ನನ್ನನ್ನು ಯಾಮಾರಿಸಿತು.

ಮನೆಯಲ್ಲಿ ಕಂಚಿನ ತಂತಿಯ ಬ್ರಷ್ ಇತ್ತು. ಅದನ್ನು ಅಮೋನಿಯಾ ಸಾಲ್ವೆಂಟಿನ ಬಾಟಲಿಗೇ ಅದ್ದಿ ಉಜ್ಜಿದೆ. ಪ್ಯಾಚ್ ನೀಲಿ. ಮತ್ತೆ ಉಜ್ಜಿದೆ, ಮತ್ತೆ ನೀಲಿ. ಮೂರು ಭಾನುವಾರ ಹೀಗೇ ಕಳೆದವು. ಪಂಚೆ ಖಾಲಿಯಾಯಿತು, ನೀಲಿ ಖಾಲಿಯಾಗಲಿಲ್ಲ. ಮೂರನೆಯ ಭಾನುವಾರ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ದ್ರವವೇ ತಿಳಿನೀಲಿ! ನಳಿಗೆಯೊಳಗೆ ಹೋದದ್ದು ವಾಪಸ್ ಬಾಟಲಿಗೆ ಬಂದದ್ದು ಹೇಗೆ? ಬ್ರಷ್ ತಂದಿತ್ತು. ಬ್ರಷ್ ತಾನೂ ಕರಗುತ್ತಿತ್ತು. ಕಂಚು ಅಂದರೆ ಬಹುಪಾಲು ತಾಮ್ರವೇ ಅಲ್ವಾ? ರಾಡಿನ ತುದಿಗೆ ಸಿಕ್ಕಿಸಿ ಪ್ಯಾಚ್ ಚುಚ್ಚುವ ಜ್ಯಾಗ್ ಹಿತ್ತಾಳೆಯದ್ದು, ಅದರಲ್ಲೂ ತಾಮ್ರ.

ಖಾತ್ರಿ ಮಾಡಿಕೊಳ್ಳಲು ಜ್ಯಾಗನ್ನು ತೊಳೆದು ಒರೆಸಿ, ಹೊಸ ಪ್ಯಾಚ್ ಸುತ್ತಿ, ನಾಲ್ಕು ಹನಿ ಸಾಲ್ವೆಂಟ್ ಬಿಟ್ಟು ಸಾಸರಿನಲ್ಲಿಟ್ಟೆ. ನಳಿಗೆಯ ಹತ್ತಿರಕ್ಕೂ ಒಯ್ಯಲಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಪ್ಯಾಚ್ ನೀಲಿ. ನಾಚಿಕೆಯಾಯಿತು. ಪ್ರತಿವರ್ಷ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವವನು ನಾನು. ಸುಣ್ಣ ಸಾಕಾಯಿತೋ ಇಲ್ಲವೋ ಅಂತ ಕತ್ತಿ ಅದ್ದಿ ನೋಡುತ್ತೇವೆ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ. ಅದ್ದಿದ ಲೋಹವೂ ಆಟದಲ್ಲಿ ಸೇರುತ್ತದೆ ಅನ್ನುವುದು ಆ ಬೋರ್ಡೋ ಬ್ಯಾರೆಲ್ಲಿನ ಮುಂದೆ ಗೊತ್ತು, ಕೋವಿಯ ಈ ಬ್ಯಾರೆಲ್ಲಿನ ಮುಂದೆ ಮರೆತಿತ್ತು.

ಆಮೇಲೆ ಸಾಮಾನು ಬದಲಿಸಿದೆ. ಅಮೋನಿಯಾ ಸಾಲ್ವೆಂಟಿಗೆ ನೈಲಾನ್ ಬ್ರಷ್, ಪ್ಲಾಸ್ಟಿಕ್ ಜ್ಯಾಗ್. ಕಂಚಿನ ಬ್ರಷ್ಷನ್ನು ಪೂರ್ತಿ ಬಿಡಲಿಲ್ಲ. ಮಸಿ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸಾಧಾರಣ ಸಾಲ್ವೆಂಟಿನ ಜೊತೆ ಮಾತ್ರ. ಅಂಗಡಿಯವರು ‘ಗಟ್ಟಿ ಬಾಳಿಕೆ ಸಾರ್’ ಅಂತ ಸ್ಟೀಲ್ ತಂತಿಯ ಬ್ರಷ್ ಕೊಡಲು ನೋಡಿದರು. ಬೇಡ ಅಂದೆ. ಸವೆಯಬೇಕಾದ್ದು ಬ್ರಷ್, ಚಡಿಗಳಲ್ಲ. ಅಳತೆಯಲ್ಲೂ ಒಂದು ಸಲ ಕೈ ಸುಟ್ಟುಕೊಂಡೆ: .30 ಬ್ರಷ್ ತಂದೆ, ಈ ನಳಿಗೆಯಲ್ಲಿ ಸಡಿಲವಾಗಿ ಜಾರಿಹೋಯಿತು. 8 ಮಿ.ಮೀ.ನದು ಸರಿಯಾಗಿ ಬಿಗಿಯಾಯಿತು. ಬ್ರಷ್ ತಿರುಗಿಸಿ ಕೂರಿಸುವ ರಾಡಿನ ಥ್ರೆಡ್ಡನ್ನೂ ನೋಡಿಕೊಂಡೇ ತರಬೇಕು. ಅಮೆರಿಕದ ರೈಫಲ್ ಬ್ರಷ್‌ಗಳಿಗೆ ಸಾಮಾನ್ಯವಾಗಿ 8-32 ಅಳತೆಯ ಥ್ರೆಡ್. ಅದು ಎಲ್ಲ ರಾಡಿಗೂ ಕೂರುವುದಿಲ್ಲ.

ಅಪ್ಪನ ಮೂರು ತುಂಡಿನ ಅಲ್ಯೂಮಿನಿಯಂ ರಾಡ್ ಈಗ ಟೊಮೆಟೊ ಗಿಡಕ್ಕೆ ಆಸರೆ. ಜೋಡಣೆಯಲ್ಲಿ ಬಾಗಿ ನಳಿಗೆಗೆ ತಾಗುತ್ತಿತ್ತು, ಮೆದು ಲೋಹವಾದ್ದರಿಂದ ಮಣ್ಣಿನ ಕಣ ಬೇರೆ ಕಚ್ಚಿಕೊಳ್ಳುತ್ತಿತ್ತು. ಒಂದೇ ತುಂಡಿನ, ಮೇಲೆ ಲೇಪನ ಇರುವ ರಾಡ್ ತಂದೆ.

ಈಗ ಮಾಡುವುದು ಹೀಗೆ. ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ. ತೋಟಾಗಳು ಬೇರೆ ಕೋಣೆಯಲ್ಲಿ, ಬೀಗ ಹಾಕಿ. ಈ ರೈಫಲ್ಲಿನ ಬೋಲ್ಟ್ ಹಿಂದಿನಿಂದ ಪೂರ್ತಿ ಹೊರಬರುತ್ತದೆ, ಅದಕ್ಕೇ ಹಿಂದಿನಿಂದಲೇ ರಾಡ್ ಹಾಕುತ್ತೇನೆ. ಮುಂದಿನಿಂದ ಹಾಕಿದರೆ ಗುಂಡು ಹೊರಬೀಳುವ ಅಂಚು ಸವೆಯುತ್ತದೆ. ಅದು ಕೆಟ್ಟರೆ ಗುರಿಯೂ ಕೆಟ್ಟಿತು. ನಳಿಗೆಯ ಮೂತಿ ಸ್ವಲ್ಪ ತಗ್ಗಿಗಿರಬೇಕು. ಒಮ್ಮೆ ಉಲ್ಟಾ ಇಟ್ಟು ಅಮೋನಿಯಾ ಹಿಂದಕ್ಕೆ ಹರಿದು ಮರದ ಪಾಲಿಶ್ ಬಿಳಿಚಿಕೊಂಡಿತು. ಆ ಕಲೆ ಈಗಲೂ ಇದೆ.

ಮೊದಲು ಮಸಿ. ಮಸಿ ತೆಗೆಯುವ ಸಾಧಾರಣ ಸಾಲ್ವೆಂಟ್, ಕಂಚಿನ ಬ್ರಷ್, ಹತ್ತು ಸಲ. ಬ್ರಷ್ ಪೂರ್ತಿ ಆಚೆ ಹೋದ ಮೇಲೆಯೇ ವಾಪಸ್ ಎಳೆಯುವುದು, ನಡುವೆ ತಿರುಗಿಸಿದರೆ ಸಿಕ್ಕಿಕೊಳ್ಳುತ್ತದೆ. ಒಣ ಪ್ಯಾಚಿನಿಂದ ಪೂರ್ತಿ ಒರೆಸಿ ಆಮೇಲೆ ತಾಮ್ರದ ಸಾಲ್ವೆಂಟ್. ಮಸಿಯ ಪದರ ಮೇಲಿದ್ದರೆ ಅಮೋನಿಯಾ ತಾಮ್ರವನ್ನು ಮುಟ್ಟುವುದೇ ಇಲ್ಲ. ಬಾಟಲಿಗೆ ಬ್ರಷ್ ಅದ್ದುವುದು ನಿಲ್ಲಿಸಿದ್ದೇನೆ, ಡ್ರಾಪರಿನಲ್ಲಿ ಹನಿ ಬಿಡುತ್ತೇನೆ. ಕಿಟಕಿ ತೆಗೆದಿರಬೇಕು, ಬ್ಲೀಚಿನ ಬಾಟಲಿ ಆ ಕೋಣೆಯಲ್ಲೇ ಇರಬಾರದು. ಎರಡು ಬೆರೆತರೆ ವಿಷದ ಹೊಗೆ.

ಫೋನಿನಲ್ಲಿ ಹತ್ತು ನಿಮಿಷದ ಅಲಾರಂ. ಸ್ವೀಟ್ಸ್ 7.62 ಅನ್ನುವ ಜೋರು ಸಾಲ್ವೆಂಟಿನ ಮೇಲೆ 15 ನಿಮಿಷಕ್ಕಿಂತ ಬಿಡಬೇಡಿ ಅಂತಲೇ ಇರುತ್ತದೆ. ರಾತ್ರಿಯಿಡೀ ನೆನೆಹಾಕಲು ಇದು ಉದ್ದಿನಬೇಳೆ ಅಲ್ಲ. ಪುರುಸೊತ್ತು ಇರುವವರಿಗೆ ಅಮೋನಿಯಾ ಇಲ್ಲದ ಸಾಲ್ವೆಂಟುಗಳೂ ಇವೆ. ನಿಧಾನ, ಆದರೆ ವಾಸನೆ ಕಡಿಮೆ. ಮನೆಯವಳ ಮತ ಅದಕ್ಕೇ.

ಹೊಸ ಬ್ರಷ್ಷಿನಲ್ಲಿ ಮೊದಲ ಸಲ ಮಸಿ, ತಾಮ್ರ, ಮಸಿ, ತಾಮ್ರ ಅಂತ ಎರಡು ಸಂಜೆ ಹಿಡಿಯಿತು. ಈ ಸಲದ ನೀಲಿ ನಿಜವಾದ ನೀಲಿ, ಪ್ಯಾಚ್ ಬದಲಿಸಿದಂತೆ ತಿಳಿಯಾಗುತ್ತಾ ಬಂತು. ಕೊನೆಯ ಹನಿ ನೀಲಿಗಾಗಿ ಹಟ ಮಾಡಲಿಲ್ಲ. ಒರಟು ನಳಿಗೆಯಲ್ಲಿ ಚೂರು ಉಳಿದೇ ಉಳಿಯುತ್ತದೆ, ಉಳಿದರೂ ನಡೆಯುತ್ತದೆ. ಸುಮ್ನೆ ಉಜ್ಜಿ ಉಜ್ಜಿ ನಳಿಗೆ ಕೆಡಿಸಿಕೊಂಡವರೇ ಜಾಸ್ತಿ ಅನ್ನಿಸುತ್ತದೆ ನನಗೆ.

ಹಳೇ ತೋಟಾ ಹೊಡೆದ ದಿನ ಇನ್ನೊಂದು ಕೆಲಸ ಇದೆ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್ ಕ್ಲೋರೇಟಿನದಾಗಿದ್ದರೆ ಅದು ನಳಿಗೆಯಲ್ಲಿ ಒಂಥರಾ ಉಪ್ಪು ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆ ಅದೂ ತೇವ ಎಳೆದುಕೊಳ್ಳುತ್ತದೆ. ಎಣ್ಣೆಗಾಗಲಿ ಇಂಥ ಸಾಲ್ವೆಂಟಿಗಾಗಲಿ ನೆಚ್ಚಿಕೊಳ್ಳುವುದಿಲ್ಲ, ಮೊದಲು ಬಿಸಿನೀರು ಹಾಯಿಸಿ ಒಣಗಿಸುತ್ತೇನೆ.

ಕೊನೆಗೆ ಎಣ್ಣೆ. ಚುನಾವಣೆಗೆ ಠಾಣೆಯಲ್ಲಿ ಇಡಬೇಕಾದಾಗ ಇನ್ನೂ ಸ್ವಲ್ಪ ಧಾರಾಳವಾಗಿ. ಒಮ್ಮೆ ಕೋವಿಯ ಚೀಲದಲ್ಲೇ ಕೊಟ್ಟು ಎರಡು ತಿಂಗಳು ಬಿಟ್ಟು ತಂದಾಗ ನಳಿಗೆಯ ಹೊರಮೈಯಲ್ಲಿ ಚೀಲದ ಹೊಲಿಗೆಯ ಗುರುತೇ ತುಕ್ಕಾಗಿ ಮೂಡಿತ್ತು. ಗುಂಡು ಹಾರಿಸುವ ಮೊದಲು ಒಣ ಪ್ಯಾಚ್ ಹಾಕಿ ಆ ಎಣ್ಣೆ ತೆಗೆಯುವುದನ್ನು ಮಾತ್ರ ಮರೆಯುವ ಹಾಗಿಲ್ಲ.

ಮುಂದಿನ ಸಲ ರೇಂಜಿನಲ್ಲಿ ಐದು ಗುಂಡು ಅಂಗೈ ಅಗಲಕ್ಕೆ ಬಂದವು. ಟಾರ್ಚ್ ಹಿಡಿದಿದ್ದ ಹಿರಿಯರು ಕಾಗದ ನೋಡಿ, ‘ಕನ್ನಡಕ ಬದಲಿಸಿದಿರಾ?’ ಅಂತ ಕೇಳಿದರು. ಮೂರು ಭಾನುವಾರ ಕರಗಿದ ಆ ಕಂಚಿನ ಬ್ರಷ್ ಈಗ ಸ್ಪ್ರೇಯರಿನ ಡಬ್ಬಿಯಲ್ಲಿದೆ. ಬೋರ್ಡೋ ಹೊಡೆದ ಮೇಲೆ ನಾಜಲ್ ತಿಕ್ಕಲು ಕೆಲಸದವರು ಅದನ್ನೇ ಹುಡುಕುತ್ತಾರೆ.