ಮನೆಯವರದೊಂದು ಕ್ಯಾಮೆರಾ, ನಿಮ್ಮದೊಂದು: ಬದಲಿಸುವ ಮುನ್ನ ಹಾಕಬೇಕಾದ ಲೆಕ್ಕ

ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಕುಕ್ಕರಹಳ್ಳಿ ಕೆರೆ, ಕಬಿನಿ ಹಿನ್ನೀರು ಇಷ್ಟು ಹತ್ತಿರದಲ್ಲಿರುವಾಗ ಮೈಸೂರು, ಮಂಡ್ಯದ ಮನೆಗಳಲ್ಲಿ ಒಬ್ಬರಿಗೆ ಹಿಡಿದ ಫೋಟೊಗ್ರಫಿಯ ಹುಚ್ಚು ಇನ್ನೊಬ್ಬರಿಗೂ ಹಬ್ಬುವುದು ಸಹಜ. ಭಾವನ ಕೈಯಲ್ಲಿ ನಿಕಾನ್, ಅಕ್ಕನ ಮಗಳ ಬಳಿ ಕ್ಯಾನನ್, ನಿಮ್ಮ ಹತ್ತಿರ ಸೋನಿ ಇದ್ದರೆ, ಎಲ್ಲರೂ ಕೂತು ಊಟ ಮಾಡುವಾಗ ಒಂದು ಮಾತು ಬಂದೇ ಬರುತ್ತದೆ: ಎಲ್ಲರೂ ಒಂದೇ ಕಂಪನಿಯದನ್ನು ಇಟ್ಟುಕೊಂಡರೆ ಲೆನ್ಸ್‌ಗಳನ್ನು ಹಂಚಿಕೊಳ್ಳಬಹುದಲ್ಲ? ಮಾತು ನ್ಯಾಯವಾದದ್ದೇ. ಆದರೆ ಇದಕ್ಕೆ ಉತ್ತರ ಕಂಪನಿಯ ಹೆಸರಿನಲ್ಲಿಲ್ಲ. ಒಂದೇ ಲೆನ್ಸ್ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಬೇಕಾದರೆ, ಕ್ಯಾಮೆರಾಗಳು ಎಷ್ಟೇ ಹೊಂದಿಕೊಂಡರೂ ಅದು ಒಬ್ಬರ ಕೈಯಲ್ಲೇ ಇರುತ್ತದೆ. ಹಾಗಾಗಿ ಬೆಲೆಪಟ್ಟಿಗಿಂತ ಮೊದಲು ನೋಡಬೇಕಾದ ಸಂಗತಿಗಳು ಬೇರೆಯೇ ಇವೆ.

ಮೊದಲು ಪಟ್ಟಿ ಮಾಡಿ, ಮೌಂಟ್ ಸಹಿತ

ಮನೆಯಲ್ಲಿರುವ ಎಲ್ಲ ಕ್ಯಾಮೆರಾ ಬಾಡಿ ಮತ್ತು ಲೆನ್ಸ್‌ಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಯುಧಪೂಜೆಯ ದಿನ ಇವೆಲ್ಲವೂ ದೇವರ ಮುಂದೆ ಒಂದೇ ಕಡೆ ಸೇರುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು. ಪಟ್ಟಿಯಲ್ಲಿ ಕಂಪನಿಯ ಹೆಸರಿನ ಪಕ್ಕದಲ್ಲಿ ಮೌಂಟ್‌ನ ಹೆಸರೂ ಇರಬೇಕು. ಮೌಂಟ್ ಎಂದರೆ ಲೆನ್ಸ್ ಕ್ಯಾಮೆರಾಗೆ ಕಚ್ಚಿಕೊಳ್ಳುವ ಲೋಹದ ಬಳೆ. ಹಂಚಿಕೆ ಸಾಧ್ಯವೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಅದೇ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಿತು, 2003ರಲ್ಲಿ ಚಿಕ್ಕ ಸೆನ್ಸರ್‌ನ (ಬೆಳಕನ್ನು ಚಿತ್ರವಾಗಿ ದಾಖಲಿಸುವ ಚಿಪ್) ಕ್ಯಾಮೆರಾಗಳಿಗಾಗಿ ಇಎಫ್-ಎಸ್ ಲೆನ್ಸ್‌ಗಳನ್ನು ತಂದಿತು, 2012ರಲ್ಲಿ ಇಎಫ್-ಎಂ ಬಂತು, 2018ರಲ್ಲಿ ಆರ್‌ಎಫ್ ಬಂತು. ಅಕ್ಕನ ಮಗಳ ಹತ್ತಿರ ಇಎಫ್-ಎಂ ಲೆನ್ಸ್‌ಗಳಿದ್ದರೆ, ನೀವು ಹೊಸ ಆರ್‌ಎಫ್ ಕ್ಯಾಮೆರಾ ಕೊಂಡರೂ ಅವುಗಳಲ್ಲಿ ಒಂದೂ ನಿಮಗೆ ಉಪಯೋಗವಾಗುವುದಿಲ್ಲ. ಆಕೆಯ ಬಳಿ ಇರುವುದು ಇಎಫ್ ಆಗಿದ್ದರೆ ಲೆನ್ಸ್‌ಗೂ ಕ್ಯಾಮೆರಾಗೂ ನಡುವೆ ಕೂರಿಸುವ ಒಂದು ಅಡಾಪ್ಟರ್ ಸಾಕು. ಕಂಪನಿ ಒಂದೇ, ಫಲ ಮಾತ್ರ ಪೂರ್ತಿ ಬೇರೆ.

ಇದರ ಹಿಂದಿನ ಕಾರಣ ಸರಳ. ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ ಪ್ರತಿಯೊಂದು ಮೌಂಟ್‌ಗೂ ಒಂದು ನಿಗದಿತ ಅಂತರವಿದೆ. ನಿಕಾನ್ ಎಫ್‌ಗೆ 46.5 ಮಿ.ಮೀ., ಕ್ಯಾನನ್ ಇಎಫ್‌ಗೆ 44, ಕ್ಯಾನನ್ ಆರ್‌ಎಫ್‌ಗೆ 20, ಸೋನಿ ಇ ಮತ್ತು ಕ್ಯಾನನ್ ಇಎಫ್-ಎಂಗೆ 18, ಫ್ಯೂಜಿಫಿಲ್ಮ್ ಎಕ್ಸ್‌ಗೆ 17.7, ನಿಕಾನ್ ಝಡ್‌ಗೆ 16 ಮಿ.ಮೀ. ಹೆಚ್ಚು ಅಂತರಕ್ಕೆಂದು ಮಾಡಿದ ಲೆನ್ಸನ್ನು ಕಡಿಮೆ ಅಂತರದ ಕ್ಯಾಮೆರಾಗೆ ಹಾಕಬಹುದು, ಏಕೆಂದರೆ ಉಳಿದ ಜಾಗವನ್ನು ಅಡಾಪ್ಟರ್ ತುಂಬಿಕೊಡುತ್ತದೆ. ತಿರುವುಮುರುವಾದರೆ ತುಂಬಲು ಜಾಗವೇ ಇರುವುದಿಲ್ಲ. ಹಾಗಾಗಿ ಭಾವನ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಲೆನ್ಸ್ ನಿಮ್ಮ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾಗೆ ಬರಬಹುದು. ನಿಮ್ಮ ಮಿರರ್‌ಲೆಸ್ ಲೆನ್ಸ್ ಅವರ ಡಿಎಸ್‌ಎಲ್‌ಆರ್‌ಗೆ ಎಂದಿಗೂ ಹೋಗದು. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದು ಎಂಬುದನ್ನು ಇಬ್ಬರೂ ಮೊದಲೇ ತಿಳಿದಿರುವುದು ಒಳ್ಳೆಯದು.

ಲೆನ್ಸ್ ಕೂತರಷ್ಟೇ ಸಾಲದು, ಆಟೊಫೋಕಸ್ ಕೂಡ ಕೆಲಸ ಮಾಡಬೇಕು. ನಿಕಾನ್‌ನ ಎಎಫ್-ಡಿ ಲೆನ್ಸ್‌ಗಳ ಒಳಗೆ ಮೋಟಾರ್ ಇರುವುದಿಲ್ಲ. ಬಾಡಿಯಲ್ಲಿರುವ ಮೋಟಾರ್ ಅವುಗಳನ್ನು ತಿರುಗಿಸಬೇಕು. ನಿಕಾನ್‌ನ ಡಿ7500 ಕ್ಯಾಮೆರಾದಲ್ಲಿ ಆ ಮೋಟಾರ್ ಇದೆ, ಡಿ5600 ಮತ್ತು ಡಿ3500ರಲ್ಲಿ ಇಲ್ಲ, ಎಫ್ ಲೆನ್ಸನ್ನು ಝಡ್ ಕ್ಯಾಮೆರಾಗೆ ಜೋಡಿಸುವ ನಿಕಾನ್‌ನದೇ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲೂ ಇಲ್ಲ. ಅಂದರೆ ಮನೆಯಲ್ಲಿರುವ 50 ಎಂಎಂ ಎಫ್/1.8ಡಿ ಲೆನ್ಸನ್ನು ನಂಬಿಕೊಂಡು ಝಡ್ ಕ್ಯಾಮೆರಾ ಕೊಂಡವರು ಈ ಅಡಾಪ್ಟರ್‌ನೊಂದಿಗೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಒಂದು ಕಂಪನಿಯ ಲೆನ್ಸನ್ನು ಇನ್ನೊಂದರ ಕ್ಯಾಮೆರಾಗೆ ಹಾಕುವ, ಬೇರೆ ತಯಾರಕರ ಅಡಾಪ್ಟರ್‌ಗಳು ದೇವಸ್ಥಾನ, ಭೂದೃಶ್ಯ, ನಿಂತ ಜನರ ಚಿತ್ರಗಳಿಗೆ ಚೆನ್ನಾಗಿಯೇ ಒದಗುತ್ತವೆ. ಹಾರುವ ಹಕ್ಕಿಯ ವಿಷಯದಲ್ಲಿ ಅವನ್ನು ನಂಬಿ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಸೆನ್ಸರ್ ಅಳತೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ಚಿಕ್ಕ ಸೆನ್ಸರ್‌ಗೆಂದೇ ಮಾಡಿದ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಗೆ ಹಾಕಿದರೆ ಸೆನ್ಸರ್‌ನ ನಡುಭಾಗ ಮಾತ್ರ ಬಳಕೆಯಾಗಿ, ಚಿತ್ರದಲ್ಲಿ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್ ಮಾತ್ರ.

ಯಾರಿಗೆ ಯಾವಾಗ ಬೇಕು

ಪಟ್ಟಿ ಸಿದ್ಧವಾದ ಮೇಲೆ, ಕಳೆದ ಒಂದು ವರ್ಷದ ನಿಮ್ಮ ಫೋಟೊಗಳನ್ನೂ ಮನೆಯವರ ಫೋಟೊಗಳನ್ನೂ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಪ್ರತಿ ಫೋಟೊದ ಜೊತೆಗೆ ತೆಗೆದ ದಿನ, ಹೊತ್ತು, ಲೆನ್ಸ್‌ನ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಎಂಬುದರ ಅಳತೆ, ಎಂಎಂನಲ್ಲಿ) ಎಲ್ಲವೂ ದಾಖಲಾಗಿರುತ್ತದೆ. ಕಂಪ್ಯೂಟರ್‌ನಲ್ಲಿ ಅದನ್ನು ನೋಡುವುದು ಸುಲಭ. ನಿಮಗೆ ಬೇಕಾದ ಉತ್ತರ ಎರಡೇ. ನೀವು ಆಸೆಪಡುತ್ತಿರುವ ಲೆನ್ಸ್ ವರ್ಷದಲ್ಲಿ ನಿಜವಾಗಿ ಎಷ್ಟು ದಿನ ನಿಮಗೆ ಬೇಕಾಗಿತ್ತು? ಆ ದಿನಗಳಲ್ಲಿ ಅದು ಒಡೆಯರ ಕೈಯಲ್ಲಿತ್ತೋ, ಮನೆಯ ಬೀರುವಿನಲ್ಲಿತ್ತೋ?

ಈ ಎರಡನೆಯ ಪ್ರಶ್ನೆಯೇ ಇಡೀ ನಿರ್ಧಾರದ ಜೀವಾಳ. ಫೋಟೊ ತೆಗೆಸಿಕೊಳ್ಳುವ ವಸ್ತು ನಮಗಾಗಿ ಕಾಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಹಂಚಿಕೆ ನಿಂತಿದೆ. ಸೋಮನಾಥಪುರದ ಕೇಶವ ದೇವಾಲಯಕ್ಕೆ ಇಬ್ಬರು ಹೋದರೆ ಅಗಲ ನೋಟದ ಒಂದು ವೈಡ್ ಲೆನ್ಸ್ ಸಾಕು: ಒಬ್ಬರು ಒಳಗಿನ ಭುವನೇಶ್ವರಿಯ (ಕೆತ್ತನೆಯ ಒಳಛಾವಣಿ) ಫೋಟೊ ತೆಗೆಯುವಾಗ ಇನ್ನೊಬ್ಬರು ಹೊರಗೋಡೆಯ ಶಿಲ್ಪಪಟ್ಟಿಕೆಗಳಲ್ಲಿ ತೊಡಗಿರಬಹುದು, ಆಮೇಲೆ ಲೆನ್ಸ್ ಬದಲಾಯಿಸಿಕೊಳ್ಳಬಹುದು. ಕಲ್ಲು ಎಲ್ಲಿಗೂ ಹೋಗುವುದಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಹಾಗಲ್ಲ. ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಕಚ್ಚಿಕೊಂಡು ಇಳಿಯುವ ಕ್ಷಣ ಇಬ್ಬರಿಗೂ ಒಂದೇ. ಆಗ ಅಲುಗಾಡುವ ದೋಣಿಯಲ್ಲಿ ನೀರಿನ ಮೇಲೆ ಲೆನ್ಸ್ ಕಳಚಿ ಕೈಬದಲಾಯಿಸುವುದು ಚಿತ್ರಕ್ಕೂ ಕೇಡು, ಸಾಮಾನಿಗೂ ಕೇಡು. ವಿಜಯದಶಮಿಯ ಮಧ್ಯಾಹ್ನ ಜಂಬೂ ಸವಾರಿಯಲ್ಲೂ ಇದೇ ಕಷ್ಟ. ಅಂಬಾರಿ ಹೊತ್ತ ಆನೆ ನಿಮ್ಮ ಮುಂದೆ ಹಾದುಹೋಗುವ ಆ ಕೆಲವು ನಿಮಿಷ, ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಯಾರ ಬಾಡಿಯಲ್ಲಿದೆಯೋ ಅವರದೇ.

ಆದ್ದರಿಂದ ಮನೆಯವರನ್ನು ನೇರವಾಗಿ ಕೇಳಿಬಿಡಿ: “ಭಾವ, ದಸರಾ ದಿನ ಆ ಲೆನ್ಸು ನಿಮಗೇ ಬೇಕಾಗುತ್ತಾ?” ಹೌದು ಎಂದರೆ ಬೇಸರ ಮಾಡಿಕೊಳ್ಳಬೇಕಾಗಿಲ್ಲ; ಅದು ನಿಮ್ಮ ಲೆಕ್ಕಕ್ಕೆ ಸಿಕ್ಕ ಬಹಳ ಬೆಲೆಯುಳ್ಳ ಮಾಹಿತಿ. ಇಬ್ಬರೂ ಹಕ್ಕಿಗಳ ಹಿಂದೆ ಬಿದ್ದವರಾಗಿ, ಯಾವಾಗಲೂ ಜೊತೆಯಾಗಿಯೇ ಹೋಗುವವರಾದರೆ ಒಂದೇ ಮೌಂಟ್‌ನಿಂದ ಆಗುವ ಲಾಭ ಬಹಳ ಕಡಿಮೆ. ಒಬ್ಬರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುವವರು, ಇನ್ನೊಬ್ಬರು ವಾರದ ದಿನಗಳಲ್ಲೂ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಇರುವವರು ಎಂದಾದರೆ ಲಾಭ ತುಂಬ ಹೆಚ್ಚು. ಹಾಗೆಯೇ ಒಬ್ಬರಿಗೆ ಹಕ್ಕಿ, ಇನ್ನೊಬ್ಬರಿಗೆ ಮನುಷ್ಯರ ಮುಖ ಮುಖ್ಯವಾದ ಮನೆಯಲ್ಲಿ ಲೆನ್ಸ್‌ಗಳು ತಾವಾಗಿಯೇ ಹಂಚಿಕೆಯಾಗುತ್ತವೆ.

ಇನ್ನೊಂದು ಸಂಗತಿ. ಎಲ್ಲ ಕಡೆಗೂ ಉದ್ದನೆಯ ಲೆನ್ಸ್ ಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಸಾಮಾನ್ಯ 70-300 ಲೆನ್ಸ್ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವ ರಾತ್ರಿಯದು. ಅಲ್ಲಿ ಬೇಕಾದದ್ದು ಬೆಳಕನ್ನು ಹೆಚ್ಚು ಒಳಗೆ ಬಿಡುವ 35 ಅಥವಾ 50 ಎಂಎಂ ಲೆನ್ಸ್, ಮತ್ತು ಅಂಥದ್ದು ಪ್ರತಿ ಕಂಪನಿಯಲ್ಲೂ ಕಡಿಮೆ ಬೆಲೆಗೆ ಸಿಗುವಂಥದ್ದೇ. ಅದಕ್ಕಾಗಿ ಬಾಡಿ, ಲೆನ್ಸ್ ಸೇರಿದ ಇಡೀ ಸಿಸ್ಟಂ ಬದಲಿಸುವ ಅಗತ್ಯವಿಲ್ಲ.

ಹಣದ ಲೆಕ್ಕ

ಹಳೆಯದನ್ನು ಮಾರಿದರೆ ಬರುವ ಹಣ ಮತ್ತು ಹೊಸದಕ್ಕೆ ಕೊಡುವ ಹಣ, ಇವೆರಡರ ವ್ಯತ್ಯಾಸವನ್ನು ಮಾತ್ರ ನೋಡುವುದು ವಾಡಿಕೆ. ಅದರ ಜೊತೆಗೆ ಹೆಚ್ಚುವರಿ ಬ್ಯಾಟರಿ, ಅಡಾಪ್ಟರ್, ಹೊಸ ಫ್ಲ್ಯಾಶ್ ಎಲ್ಲವನ್ನೂ ಸೇರಿಸಬೇಕು. ಒಂದು ಕಲ್ಪಿತ ಲೆಕ್ಕವನ್ನು ನೋಡಿ. ನಿಮ್ಮ ಈಗಿನ ಸಾಮಾನಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ 45,000 ರೂಪಾಯಿ ಸಿಗುತ್ತದೆ, ಹೊಸ ಬಾಡಿ ಮತ್ತು ಅದರ ಜೊತೆಗೇ ಬರುವ ಕಿಟ್ ಲೆನ್ಸ್‌ಗೆ 1,10,000 ಆಗುತ್ತದೆ, ಉಳಿದ ಸಣ್ಣಪುಟ್ಟದಕ್ಕೆ 12,000 ಬೇಕು ಎಂದುಕೊಳ್ಳಿ. ಕೈಯಿಂದ ಹೋಗುವುದು 77,000 ರೂಪಾಯಿ. ಭಾವನ ಟೆಲಿ ಲೆನ್ಸ್‌ನಂಥದ್ದೇ ಒಂದನ್ನು ನಿಮ್ಮ ಈಗಿನ ಮೌಂಟ್‌ನಲ್ಲಿ ದಿನಕ್ಕೆ 1,200 ರೂಪಾಯಿಯಂತೆ ಬಾಡಿಗೆಗೆ ತರುವಂತಿದ್ದರೆ, ಅದೇ ಹಣದಲ್ಲಿ 64 ದಿನ ಬಾಡಿಗೆಗೆ ತರಬಹುದು. ಫೋಟೊಗಳ ದಿನಾಂಕ ನೋಡಿದಾಗ ವರ್ಷಕ್ಕೆ ಆರೇ ದಿನ ಅದು ಬೇಕಾಗಿತ್ತು ಎಂದು ತಿಳಿದಿದ್ದರೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ನೀವು ಏನನ್ನೂ ಬದಲಿಸದೆ ನಡೆಸಬಹುದು. ವರ್ಷಕ್ಕೆ ನಲವತ್ತು ದಿನ ಬೇಕಾಗಿದ್ದರೆ ಎರಡೇ ವರ್ಷದೊಳಗೆ ಬದಲಾವಣೆಯ ಖರ್ಚು ತೀರುತ್ತದೆ. ನಿಮ್ಮ ಊರಿನ ಅಂಗಡಿಯಲ್ಲಿ ವಿಚಾರಿಸಿ ನಿಜವಾದ ಬೆಲೆಗಳನ್ನು ಈ ಲೆಕ್ಕದೊಳಗೆ ಹಾಕಿ.

ಮಾರುವ ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಮಳೆಗಾಲದ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಹಿಡಿದಿದ್ದರೆ ಬೆಲೆ ಬಹಳ ಕುಸಿಯುತ್ತದೆ. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬೆಳಕನ್ನು ಹಿಂದಿನಿಂದ ಹಾಯಿಸಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಮನೆಯವರು ಕೊಡುತ್ತೇವೆಂದ ಲೆನ್ಸ್‌ಗಳನ್ನೂ ಹೀಗೆಯೇ ನೋಡಬೇಕು. ಯಾವ ಲೆನ್ಸ್‌ಗಾಗಿ ನೀವು ಸಿಸ್ಟಂ ಬದಲಿಸುತ್ತಿದ್ದೀರೋ ಅದೇ ಕೆಟ್ಟಿದ್ದರೆ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ.

ಬದಲಿಸದೆಯೂ ಹಂಚಿಕೊಳ್ಳಬಹುದಾದವು

ಟ್ರೈಪಾಡ್‌ನ ಕಾಲು ಇಂಚಿನ ಸ್ಕ್ರೂ ಎಲ್ಲ ಕ್ಯಾಮೆರಾಗಳಿಗೂ ಒಂದೇ. ಎಸ್‌ಡಿ ಕಾರ್ಡ್, ಬ್ಯಾಗ್, ವ್ಯಾಸ ಹೊಂದಿದರೆ ಫಿಲ್ಟರ್‌ಗಳು, ತೇವಾಂಶವನ್ನು ಶೇ 40ರಿಂದ 50ರಲ್ಲಿಡುವ ಡ್ರೈ ಕ್ಯಾಬಿನೆಟ್ ಇವಕ್ಕೆಲ್ಲ ಕಂಪನಿಯ ಹಂಗಿಲ್ಲ. ಇದಕ್ಕೆ ಪ್ರತಿಯಾಗಿ, ಒಂದೇ ಕಂಪನಿಯಾದ ಮಾತ್ರಕ್ಕೆ ಬ್ಯಾಟರಿ ಒಂದೇ ಆಗಿರುತ್ತದೆ ಎನ್ನುವಂತೆಯೂ ಇಲ್ಲ. ನಿಕಾನ್ ಝಡ್50ರ ಬ್ಯಾಟರಿ ಝಡ್6ಕ್ಕೆ ಆಗುವುದಿಲ್ಲ. ಸೋನಿ ಎ6400ರದ್ದು ಎ6700ಕ್ಕೆ ಆಗುವುದಿಲ್ಲ.

ಕೈಗೆ ಒಗ್ಗುತ್ತದೆಯೇ

ಇನ್ನೂ ಒಲವು ಉಳಿದಿದ್ದರೆ, ಮನೆಯವರ ಕ್ಯಾಮೆರಾವನ್ನು ಒಂದು ವಾರ ಕೇಳಿ ಪಡೆಯಿರಿ. ಅಷ್ಟೂ ದಿನ ನಿಮ್ಮದನ್ನು ಅವರಿಗೆ ಕೊಟ್ಟಿರಿ. ಒಂದು ಬೆಳಿಗ್ಗೆ ಕುಕ್ಕರಹಳ್ಳಿಯಲ್ಲಿ ಹಕ್ಕಿಗಳನ್ನೂ, ಒಂದು ಭಾನುವಾರ ಸಂಜೆ ದೀಪ ಹೊತ್ತಿದ ಅರಮನೆಯನ್ನೂ ಅದರಲ್ಲಿ ತೆಗೆದು ನೋಡಿ. ಗುಂಡಿಗಳ ಜಾಗ, ಮೆನು, ಹಿಡಿಕೆಯ ದಪ್ಪ ಇವೆಲ್ಲವೂ ಮುಖ್ಯ. ನಿಕಾನ್ ಲೆನ್ಸನ್ನು ಹಾಕಲು ತಿರುಗಿಸುವ ದಿಕ್ಕು ಕ್ಯಾನನ್, ಸೋನಿಗಳಿಗೆ ವಿರುದ್ಧ. ಇಂಥವು ಚಿಕ್ಕವೆನಿಸಿದರೂ ಅವಸರದಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ತೂಕವನ್ನಂತೂ ಮರೆಯಬಾರದು. ನಿಕಾನ್‌ನ 200-500 ಲೆನ್ಸ್ ಒಂದೇ 2.3 ಕಿಲೊ ಇದೆ. ಅದನ್ನು ಹಿಡಿದು ಎರಡು ಗಂಟೆ ನಿಂತ ಮೇಲೂ ಆಸೆ ಉಳಿದಿದೆಯೇ ಎಂಬುದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ಒಂದೇ ಸಿಸ್ಟಂನಿಂದ ಸಿಗುವ ಒಂದು ಲಾಭವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ: ಕಲಿಸುವವರು ಮನೆಯಲ್ಲೇ ಸಿಗುತ್ತಾರೆ. ಹೊಸಬರು ತಮ್ಮ ಮೊದಲ ಕ್ಯಾಮೆರಾ ಕೊಳ್ಳುತ್ತಿದ್ದರೆ, ಮಾರಬೇಕಾದ ಹಳೆಯ ಸಾಮಾನೂ ಇಲ್ಲದಿರುವುದರಿಂದ, ಮನೆಯಲ್ಲಿ ಚೆನ್ನಾಗಿ ಬಲ್ಲವರ ಮೌಂಟ್‌ನಲ್ಲೇ ಕೊಳ್ಳುವುದು ಒಳ್ಳೆಯದು. ಆದರೆ ಅವರ ಬಳಿ ಇರುವುದು ಡಿಎಸ್‌ಎಲ್‌ಆರ್ ಆಗಿದ್ದರೆ ಅದೇ ಕಂಪನಿಯ ಮಿರರ್‌ಲೆಸ್ ಬಾಡಿ ಮತ್ತು ಅಡಾಪ್ಟರ್ ಕೊಳ್ಳಿ. ಕ್ಯಾನನ್ ಮತ್ತು ನಿಕಾನ್‌ನ ಹೊಸ ಬಾಡಿ, ಹೊಸ ಲೆನ್ಸ್‌ಗಳೆಲ್ಲ ಈಗ ಮಿರರ್‌ಲೆಸ್‌ನಲ್ಲೇ ಬರುತ್ತಿವೆ.

ಬದಲಿಸುವುದೆಂದು ನಿಶ್ಚಯವಾದರೆ

ಯಾರು ಬದಲಿಸಬೇಕು ಎಂಬುದು ವಯಸ್ಸಿನ ಪ್ರಶ್ನೆಯಲ್ಲ. ಲೆನ್ಸ್‌ಗಳ ಮೇಲೆ ಕಡಿಮೆ ಹಣ ಹಾಕಿರುವವರು ಬದಲಿಸಲಿ. ಹಳೆಯದನ್ನು ಮಾರುವ ಮೊದಲೇ ಹೊಸ ಕ್ಯಾಮೆರಾಗೆ ಮನೆಯ ಪ್ರತಿಯೊಂದು ಲೆನ್ಸನ್ನೂ ಅಂಗಡಿಯಲ್ಲೇ ಹಾಕಿ, ಫೋಕಸ್ ಮಾಡಿ, ಫೋಟೊ ತೆಗೆದು ನೋಡಿ. ಬಿಲ್ ಮತ್ತು ವಾರಂಟಿ ಕಾರ್ಡ್‌ಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಲೆನ್ಸ್ ಬಿದ್ದು ಒಡೆದರೆ ರಿಪೇರಿ ಖರ್ಚು ಯಾರದು, ಮುಂಚಿತವಾಗಿ ಎಷ್ಟು ದಿನ ಹೇಳಬೇಕು ಎಂಬುದನ್ನು ಸಂಕೋಚವಿಲ್ಲದೆ ಮಾತನಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ಇಂಥ ಮಾತನ್ನು ದಾಕ್ಷಿಣ್ಯಕ್ಕೆ ಮುಂದೂಡುತ್ತೇವೆ, ಕೊನೆಗೆ ಸಾಮಾನಿಗಿಂತ ಹೆಚ್ಚಾಗಿ ಸಂಬಂಧಕ್ಕೆ ಪೆಟ್ಟು ಬೀಳುತ್ತದೆ. ಆಮೇಲೆ ನೀವು ಕೊಳ್ಳುವ ಮೊದಲ ಲೆನ್ಸ್ ಮನೆಯಲ್ಲಿ ಈಗಾಗಲೇ ಇರುವಂಥದ್ದಾಗದಿರಲಿ. ಭಾವನ ಹತ್ತಿರ ಟೆಲಿ, ಅವರ ಕಿಟ್‌ನಲ್ಲಿ ಸಾಮಾನ್ಯ ಜೂಮ್ ಇದ್ದರೆ ನೀವು ಮ್ಯಾಕ್ರೊ (ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಅಥವಾ ವೈಡ್ ತನ್ನಿ. ಆಗ ಮುಂದಿನ ಸಲ ಲೆನ್ಸ್ ಕೇಳಿಕೊಂಡು ಬರುವವರು ಅವರೂ ಆಗಿರುತ್ತಾರೆ.