ಡಂಪ್ ಹಿಡಿದು ವರ್ಚುವಲ್ ಅಡ್ರೆಸ್‌ನಿಂದ ರಿಯಲ್ ಅಡ್ರೆಸ್‌ಗೆ

ಐಬಿಎಂ ಮೇನ್‌ಫ್ರೇಮ್‌ಗಳ ಝಡ್ ಆರ್ಕಿಟೆಕ್ಚರ್‌ನಲ್ಲಿ ವರ್ಚುವಲ್ ಅಡ್ರೆಸ್ಸನ್ನು (ಪ್ರೋಗ್ರಾಂ ಬಳಸುವ ವಿಳಾಸ) ರಿಯಲ್‌ಗೆ (ಮೆಮೊರಿಯ ನಿಜ ವಿಳಾಸ) ಬದಲಿಸುವುದು ಹಾರ್ಡ್‌ವೇರಿನ ಕೆಲಸ. ಆದರೂ 0ಸಿ4 ಅಬೆಂಡ್‌ನ (ತಪ್ಪು ಮೆಮೊರಿ ಬಳಕೆಯಿಂದ ಪ್ರೋಗ್ರಾಂ ಅರ್ಧಕ್ಕೆ ನಿಲ್ಲುವುದು) ಡಂಪ್, ಅಂದರೆ ಆ ಹೊತ್ತಿನ ಮೆಮೊರಿಯ ನಕಲು, ಬಂದಾಗ ಆ ಲೆಕ್ಕವನ್ನು ನಾನು ಕೈಯಲ್ಲೇ ಮಾಡುತ್ತೇನೆ. ದಾರಿ ಯಾವ ಟೇಬಲ್‌ನಲ್ಲಿ ನಿಂತಿತು ಎಂದು ಕಂಡರೆ, ತಪ್ಪನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ವರ್ಚುವಲ್ ಅಡ್ರೆಸ್‌ನ ಪ್ರತಿ ಇಂಡೆಕ್ಸ್ ಒಂದು ಟೇಬಲ್‌ನ ಎಂಟ್ರಿಯನ್ನು ತೋರಿಸುತ್ತದೆ. ಅದರ 64 ಬಿಟ್‌ಗಳಲ್ಲಿ ಮೂರು ರೀಜನ್ ಇಂಡೆಕ್ಸ್ ಮತ್ತು ಸೆಗ್ಮೆಂಟ್ ಇಂಡೆಕ್ಸ್‌ಗೆ ತಲಾ 11, ಪೇಜ್‌ಗೆ 8, ಆಫ್‌ಸೆಟ್‌ಗೆ 12. ಅಡ್ರೆಸ್ 2 ಜಿಬಿಗಿಂತ ಕೆಳಗಿದ್ದರೆ ರೀಜನ್ ಇಂಡೆಕ್ಸ್‌ಗಳೆಲ್ಲ ಸೊನ್ನೆ. ಹೆಕ್ಸ್ 12345678 ತೆಗೆದುಕೊಳ್ಳಿ: ಸೆಗ್ಮೆಂಟ್ 123, ಪೇಜ್ 45, ಆಫ್‌ಸೆಟ್ 678.

ಮೊದಲ ಟೇಬಲ್ ಎಲ್ಲಿದೆ ಎಂದು ಹೇಳುವ ಕಂಟ್ರೋಲ್ ರಿಜಿಸ್ಟರ್ 1ರಲ್ಲಿ 07314003 ಇದೆ ಎನ್ನೋಣ. ಕೊನೆಯ ಮೂರು ಅಂಕಿಗಳಲ್ಲಿ ಟೇಬಲ್‌ನ ಬಗೆ, ಉದ್ದ ಮುಂತಾದವು ಇರುತ್ತವೆ. ಇಲ್ಲಿ ಬಗೆಯ ಬಿಟ್‌ಗಳು ಸೊನ್ನೆ, ಅಂದರೆ ನೇರವಾಗಿ ಸೆಗ್ಮೆಂಟ್ ಟೇಬಲ್. ಅದು ಶುರುವಾಗುವುದು 07314000ರಲ್ಲಿ. ಎಂಟ್ರಿಗೆ 8 ಬೈಟ್, ಆದ್ದರಿಂದ 123ರ ಎಂಟುಪಟ್ಟು, ಹೆಕ್ಸ್‌ನಲ್ಲಿ 918. ವಿಳಾಸ 07314918ರಲ್ಲಿ 05926000 ಸಿಕ್ಕರೆ ಅದೇ ಪೇಜ್ ಟೇಬಲ್. 45ರ ಎಂಟುಪಟ್ಟು 228. 05926228ರಲ್ಲಿ 27819000 ಇದ್ದರೆ ರಿಯಲ್ ಅಡ್ರೆಸ್ 27819678.

ಎಡವುವುದು ಫ್ಲ್ಯಾಗ್ ಬಿಟ್‌ಗಳಲ್ಲಿ. ಪೇಜ್ ಎಂಟ್ರಿಯಲ್ಲಿ ಹೆಕ್ಸ್ 400 ಬಿಟ್ ಆನ್ ಆಗಿದ್ದರೆ ಎಂಟ್ರಿ ಇನ್ವ್ಯಾಲಿಡ್. ಸೆಗ್ಮೆಂಟ್ ಎಂಟ್ರಿಯಲ್ಲಿ ಇನ್ವ್ಯಾಲಿಡ್ ಬಿಟ್ 20. ಅಲ್ಲಿ 400 ಅಂದರೆ 1 ಎಂಬಿ ಫ್ರೇಮ್ (ರಿಯಲ್ ಮೆಮೊರಿಯ ಒಂದು ತುಂಡು). ಆಗ ಪೇಜ್ ಟೇಬಲ್ ಹುಡುಕಿಕೊಂಡು ಹೋಗಬಾರದು. ಎಂಟ್ರಿಯ ಕೊನೆಯ ಐದು ಅಂಕಿ ಬಿಟ್ಟು, ಆ ಜಾಗಕ್ಕೆ ವರ್ಚುವಲ್ ಅಡ್ರೆಸ್‌ನ 45678 ಕೂರಿಸಬೇಕು. ಇದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಕಸ.

ಅಬೆಂಡ್‌ನ ಜೊತೆ ಬರುವ ರೀಸನ್ ಕೋಡ್ 10 ಇದ್ದರೆ ಸೆಗ್ಮೆಂಟ್ ಹಂತದಲ್ಲೇ ದಾರಿ ಮುಗಿದಿದೆ. ಹೆಚ್ಚಾಗಿ ವಿಳಾಸ ಹಿಡಿದಿಡುವ ಬೇಸ್ ರಿಜಿಸ್ಟರ್‌ನಲ್ಲೇ ಕಸ ಇರುತ್ತದೆ. 11 ಇದ್ದರೆ ಪೇಜ್ ಹಂತ: ಡಿಸ್ಕ್‌ಗೆ ಹೋದ ಪೇಜ್ ಆಗಿದ್ದರೆ ಆಪರೇಟಿಂಗ್ ಸಿಸ್ಟಮ್ ಝಡ್ ಓಎಸ್ ಸದ್ದಿಲ್ಲದೆ ತಂದುಕೊಡುತ್ತಿತ್ತು, ಅಬೆಂಡ್ ಆಗಿದೆ ಎಂದರೆ ಆ ಸ್ಟೋರೇಜ್ ಪಡೆದೇ ಇಲ್ಲ, ಅಥವಾ ಆಗಲೇ ಬಿಟ್ಟುಕೊಟ್ಟಾಗಿದೆ. ಹಾಗಾಗಿ 11 ಕಂಡಾಗ ನಾನು ಮೊದಲು ನೋಡುವುದು ಸ್ಟೋರೇಜ್ ಬಿಟ್ಟುಕೊಡುವ ಫ್ರೀಮೇನ್ ಕರೆಗಳನ್ನು. ಕೋಡ್ 4 ಪ್ರೊಟೆಕ್ಷನ್‌ನದು, ಅಲ್ಲಿ ಈ ಲೆಕ್ಕದ ಜೊತೆ ಸ್ಟೋರೇಜ್ ಕೀಯನ್ನೂ (ಆ ಜಾಗವನ್ನು ಯಾರು ಮುಟ್ಟಬಹುದು ಎನ್ನುವ ಗುರುತು) ನೋಡಬೇಕು. ಡಂಪ್‌ನಲ್ಲಿರುವ ಟ್ರಾನ್ಸ್‌ಲೇಷನ್ ಎಕ್ಸೆಪ್ಷನ್ ಅಡ್ರೆಸ್‌ನ (ಬದಲಿಸಲಾಗದೆ ಸೋತ ವಿಳಾಸ) ಕೊನೆಯ ಮೂರು ಅಂಕಿಗಳನ್ನು ಆಫ್‌ಸೆಟ್ ಎಂದು ನಂಬಬೇಡಿ. ಅದು ಪೇಜ್‌ವರೆಗೆ ಮಾತ್ರ ಖಚಿತ. ಪೂರ್ತಿ ಅಡ್ರೆಸ್ ಬೇಕಾದರೆ ಇನ್‌ಸ್ಟ್ರಕ್ಷನ್ ಮತ್ತು ರಿಜಿಸ್ಟರ್‌ಗಳಿಂದ ಲೆಕ್ಕ ಹಾಕಿ.

ಓಡುತ್ತಿರುವ ಸಿಸ್ಟಮ್‌ನಲ್ಲಾದರೆ ಸೂಪರ್‌ವೈಸರ್ ಸ್ಟೇಟ್‌ನಲ್ಲಿ (ಪ್ರೊಸೆಸರ್‌ನ ವಿಶೇಷಾಧಿಕಾರದ ಸ್ಥಿತಿ) ಈ ಲೆಕ್ಕ ಮಾಡಿಕೊಡುವ ಎಲ್‌ಆರ್‌ಎಜಿ ಇನ್‌ಸ್ಟ್ರಕ್ಷನ್ ಸಾಕು. ಕಂಡಿಷನ್ ಕೋಡ್ 0 ಇದ್ದರೆ ಮಾತ್ರ ಉತ್ತರ ರಿಯಲ್ ಅಡ್ರೆಸ್. ಪೇಜ್ ಫಿಕ್ಸ್ ಮಾಡದೆ, ಅಂದರೆ ಅದು ಫ್ರೇಮ್ ಬಿಟ್ಟು ಕದಲದಂತೆ ಕಟ್ಟಿಹಾಕದೆ, ಆ ಉತ್ತರವನ್ನು ಇಟ್ಟುಕೊಂಡು ಕೂರಬಾರದು. ಮರುಕ್ಷಣವೇ ಅದೇ ಫ್ರೇಮ್‌ನಲ್ಲಿ ಬೇರೊಬ್ಬರ ಡೇಟಾ ಇರಬಹುದು.